ಭಾವಮೈದುನನ ಮಧ್ಯಾಹ್ನದ ನಿದ್ದೆ

ಹೆಬ್ಬಾಳ ದಾಟಿ, ಬ್ಯಾಟರಾಯನಪುರ ಇನ್ನೂ ಬರಲಿಲ್ಲ ಎನ್ನುವಾಗ ಬಸ್ಸಿನ ಕಂಡಕ್ಟರು ‘ಯಾರ್ರೀ ಅದು, ಕಾಡಿಗೆ ಇಳಿಯೋರು’ ಎಂದು ಕೂಗುತ್ತಿದ್ದ. ನಾವು ಮಾನ ಮರ್ಯಾದೆ ಬದಿಗಿಟ್ಟು ಇಳಿಯುತ್ತಿದ್ದೆವು. ಐವತ್ತರ ದಶಕದ ಕೊನೆಯ ಮಾತು. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ರಾಗಿ ಹೊಲ, ನಡುವೆ ಕಲ್ಲು ನೆಟ್ಟು ಬಿಟ್ಟ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ. ಇದು ನಮ್ಮ ಬಡಾವಣೆ. ಬೀದಿದೀಪ ಇಲ್ಲ, ಅಂಗಡಿ ಇಲ್ಲ, ಅಂಚೆಯವನು ಮನಸ್ಸು ಬಂದರೆ ಬರುತ್ತಿದ್ದ. ಧಾರಾಳವಾಗಿ ಸಿಗುತ್ತಿದ್ದದ್ದು ನಿಶ್ಶಬ್ದ ಒಂದೇ.

ಈ ನಿಶ್ಶಬ್ದದ ಅಧಿಕೃತ ವಕ್ತಾರರು ನಮ್ಮ ಪಕ್ಕದ ಮನೆಯ ವೆಂಕಟರಾಮಯ್ಯನವರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬಳೇಪೇಟೆಯ ಬಾಡಿಗೆ ಮನೆ ಬಿಟ್ಟು ಇಲ್ಲಿ ಹೆಂಚಿನ ಮನೆ ಕಟ್ಟಿಸಿದ ದಿನದಿಂದ ಕಚೇರಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರ ಮೊಣಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು: ‘ನಮ್ಮ ಕಡೆ ಎಷ್ಟು ನಿಶ್ಶಬ್ದ ಅಂದ್ರೆ, ಸೂಜಿ ಬಿದ್ರೆ ಕೇಳ್ಸುತ್ತೆ ಕಣ್ರೀ.’

ಅವರ ಹೆಂಡತಿ ಲಕ್ಷ್ಮಿದೇವಮ್ಮನವರಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿ. ‘ಸೂಜಿ ಬಿದ್ದಿದ್ದು ಕೇಳ್ಸುತ್ತೆ, ಒಪ್ಕೊಂಡೆ. ಸೂಜಿ ಬಿತ್ತು ಅಂತ ಹೇಳ್ಕೊಳೋಣ ಅಂದ್ರೆ ಒಂದು ನರಪಿಳ್ಳೆ ಇಲ್ಲ’ ಎನ್ನುತ್ತಿದ್ದರು. ಮಗಳು ಮದುವೆಯಾಗಿ ಶಿವಮೊಗ್ಗ ಸೇರಿದ್ದಳು. ಗಂಡ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಳ್ಳಿಯ ಹೆಂಗಸರು ನಮ್ಮನ್ನೆಲ್ಲ ‘ಬಡಾವಣೆಯೋರು’ ಎಂದು ದೂರವೇ ಇಟ್ಟಿದ್ದರು. ಆ ತಾಯಿ ಹಗಲೆಲ್ಲ ಗೋಡೆಯ ಹಲ್ಲಿಯೊಂದಿಗೆ ಕಷ್ಟಸುಖ ಮಾತಾಡುವ ಸ್ಥಿತಿಗೆ ಬಂದಿದ್ದರು, ಪಾಪ.

ಧನುರ್ಮಾಸ ಹಿಡಿಯುತ್ತಲೇ ಆಕೆ ಕಡ್ಡಿ ಮುರಿದ ಹಾಗೆ ಹೇಳಿದರು: ‘ಸಂಕ್ರಾಂತಿಗೆ ಎಳ್ಳು ಬೀರೋಕೆ ಇಲ್ಲಿ ಯಾರಿದಾರೆ? ದ್ರಾಕ್ಷಿ ಬಳ್ಳಿಗೆ ಬೀರ್ಲಾ? ನಮ್ಮಣ್ಣ ಪಕ್ಕದ ಸೈಟು ತಗೊಂಡು ಬರೋ ಹಾಗಿದ್ರೆ ನಾನು ಇಲ್ಲಿರ್ತೀನಿ. ಇಲ್ದಿದ್ರೆ ಸಂಕ್ರಾಂತಿಗೆ ಬಳೇಪೇಟೆಗೆ ಹೋದೋಳು ಅಲ್ಲೇ ಅವನ ಮಹಡಿ ಮೇಲೆ ಇದ್ದುಬಿಡ್ತೀನಿ. ನೀವು ನಿಮ್ಮ ಸೂಜಿ ಬೀಳಿಸ್ಕೊಂಡು ಕೇಳ್ತಾ ಕೂತಿರಿ.’

ಅಣ್ಣ ಸುಬ್ಬನರಸಿಂಹಯ್ಯನವರು ಭಾರಿ ಮಡಿವಂತರು. ಅವರಿಗೆ ಜೀವನದಲ್ಲಿ ಒಂದೇ ಕೊರಗು, ಮಧ್ಯಾಹ್ನದ ನಿದ್ದೆ. ಬಳೇಪೇಟೆಯ ಅವರ ಮನೆಯ ಕೆಳಗೇ ವಾದ್ಯದ ಅಂಗಡಿ. ಡೋಲು, ಮೃದಂಗ, ತಮಟೆ ಎಲ್ಲಕ್ಕೂ ಚರ್ಮ ಬಿಗಿದು ದಿನವಿಡೀ ಹದ ನೋಡುತ್ತ ಬಾರಿಸುತ್ತಾರೆ. ‘ಈ ಡೋಲಿನಿಂದ ನನ್ನ ಆಯಸ್ಸು ಅರ್ಧ ಆಯ್ತು’ ಎಂದು ಅವರು ಅಲವತ್ತುಕೊಳ್ಳುವುದನ್ನು ಪೇಟೆಯೆಲ್ಲ ಕೇಳಿತ್ತು. ವೆಂಕಟರಾಮಯ್ಯನವರು ಸಮಯ ನೋಡಿ ಗಾಳ ಹಾಕಿದರು. ‘ಭಾನುವಾರ ನಮ್ಮಲ್ಲಿ ಊಟ ಮಾಡಿ, ಒಂದು ಮಧ್ಯಾಹ್ನ ಮಲಗಿ ನೋಡಿ ಭಾವನವರೇ. ಆಮೇಲೆ ಮಾತು.’ ಭಾವಮೈದುನರು ಒಪ್ಪಿದರು. ಒಳ್ಳೆಯ ನಿದ್ದೆ ಬಂದರೆ ಸೈಟು, ಬರದಿದ್ದರೆ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು ಎಂದು ಮಾತಾಯಿತು. ಒಬ್ಬರ ಸಂಸಾರ ಇನ್ನೊಬ್ಬರ ಗೊರಕೆಯ ಮೇಲೆ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದೇ ಒಂದು ತೊಡಕಿತ್ತು. ದ್ರಾಕ್ಷಿ ತೋಟದ ಅಂಚಿನಲ್ಲಿ ಮುನಿಕೆಂಪಮ್ಮನ ಗುಡಿಸಲು, ಅಲ್ಲೊಂದು ಕೆಂಪು ಹುಂಜ. ಬೆಳಗಿನ ಜಾವ ಕೂಗುವುದು ಎಲ್ಲ ಹುಂಜಗಳ ಕಸುಬು, ಅದಕ್ಕೆ ಯಾರ ತಕರಾರೂ ಇಲ್ಲ. ಈ ಹುಂಜ ಮಾತ್ರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದು ಮಧ್ಯಾಹ್ನ ಜನ ಉಂಡು ಕಾಲು ಚಾಚುವ ಹೊತ್ತಿಗೆ ಸರಿಯಾಗಿ ಕಂಠ ಬಿಚ್ಚುತ್ತಿತ್ತು. ಸೂಜಿಯ ಸದ್ದು ಕೇಳಿಸುವ ಜಾಗದಲ್ಲಿ ಹುಂಜದ ಸದ್ದು ಎಷ್ಟು ಕೇಳಿಸೀತೆಂದು ನೀವೇ ಯೋಚಿಸಿ.

ವೆಂಕಟರಾಮಯ್ಯನವರು ಆ ಹುಂಜವನ್ನು ಕೊಂಡು ದೂರ ಸಾಗಿಸಲು ತೀರ್ಮಾನಿಸಿದರು. ಬುಧವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಗಂಧ ಇಟ್ಟು, ಒದ್ದೆ ಕೂದಲಲ್ಲಿ ಹೊರಟರು. ಚಪ್ಪಲಿಯ ಉಂಗುಷ್ಠ ಹಿಂದಿನ ದಿನ ಕಿತ್ತುಹೋಗಿದ್ದರಿಂದ ಬರಿಗಾಲು. ಹುಟ್ಟಿದಾಗಿನಿಂದ ಕೋಳಿಯನ್ನು ಮುಟ್ಟಿದವರಲ್ಲ, ಕೊಳ್ಳುವ ರೀತಿ ನೀತಿ ಅವರಿಗೆ ಎಲ್ಲಿಂದ ಬರಬೇಕು.

‘ಆ ಕೆಂಪು ಹುಂಜ ನನಗೆ ಬೇಕಿತ್ತಮ್ಮ’ ಎಂದರು.

ಅಂಗಳ ಗುಡಿಸುತ್ತಿದ್ದ ಮುನಿಕೆಂಪಮ್ಮ ಪೊರಕೆ ಹಿಡಿದೇ ನಿಂತಳು. ‘ಐನೋರ್ಗೆ ಕೋಳಿ ಯಾಕ್ ಸ್ವಾಮಿ? ಬೇಕೇ ಬೇಕು ಅಂದ್ರೆ ಬೇರೆ ಮರಿ ಐತೆ, ಎಳೇದು.’

‘ಬೇರೆ ಬೇಡ. ಇದೇ ಆಗ್ಬೇಕು. ಎಷ್ಟಾದ್ರೂ ಸರಿ, ನೀವು ಹೇಳಿದಷ್ಟು.’

ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಮ್ಮ ಸೀಮೆಯಲ್ಲಿ ಕೋಳಿಯನ್ನು ಚೌಕಾಸಿ ಮಾಡದೆ ಕೊಳ್ಳುವವರು ಇಲ್ಲ. ಕಾಲು ಹಿಡಿದು ತೂಗಿ, ಎದೆ ಅಮುಕಿ, ‘ಇದು ಕೋಳಿಯೋ ಕಾಗೆಯೋ’ ಎಂದು ಜರೆದು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಕೊಳ್ಳುವುದು ಪದ್ಧತಿ. ಇದಕ್ಕೆ ವಿನಾಯಿತಿ ಇರುವುದು ಹರಕೆಯ ಕೋಳಿಗೆ ಮಾತ್ರ. ದೇವರಿಗೆಂದು ನೇಮಿಸಿಕೊಂಡವನು ಮಿಂದು, ಬರಿಗಾಲಲ್ಲಿ ಬಂದು, ಮನಸ್ಸಿಗೆ ಬಂದದ್ದನ್ನೇ ಬೆರಳಿಟ್ಟು ತೋರಿಸುತ್ತಾನೆ, ಬೆಲೆ ಆಡುವುದಿಲ್ಲ. ಮುನಿಕೆಂಪಮ್ಮನಿಗೆ ಎಲ್ಲವೂ ಅರ್ಥವಾಗಿಹೋಯಿತು. ಅವಳು ದನಿ ತಗ್ಗಿಸಿ, ಕೆರೆ ಏರಿಯ ಹುಣಸೆಮರದಡಿಯ ಮುನೇಶ್ವರನ ಕಡೆ ಕೈ ತೋರಿಸಿ, ‘ಮುನಿಯಪ್ಪನ್ಗಾ ಸ್ವಾಮಿ?’ ಎಂದಳು.

ನಿನ್ನ ಕೋಳಿಯಿಂದ ನಮ್ಮ ಭಾವಮೈದುನನಿಗೆ ನಿದ್ದೆ ಬರುವುದಿಲ್ಲ ಎಂದು ಮುಖಕ್ಕೆ ಹೇಳುವುದು ಹೇಗೆ? ದಾಕ್ಷಿಣ್ಯದ ಪ್ರಾಣಿ ವೆಂಕಟರಾಮಯ್ಯನವರು ‘ಹ್ಞೂಂ, ಹಾಗೇ ಅಂದ್ಕೊಳಮ್ಮ’ ಎಂದುಬಿಟ್ಟರು. ಮುನಿಕೆಂಪಮ್ಮ ಒಳಗೆ ಹೋಗಿ ಅರಿಶಿನದ ದಾರ ತಂದು ಹುಂಜದ ಕಾಲಿಗೆ ಕಟ್ಟಿ, ಕಣ್ಣಿಗೊತ್ತಿಕೊಂಡು ಕೊಟ್ಟಳು. ಇವರು ದಾರವನ್ನು ಹಿಡಿದುಕೊಳ್ಳಲು ಅನುಕೂಲವಾಗಲಿ ಎಂದು ಕಟ್ಟಿದ್ದೆಂದು ತಿಳಿದರು.

ಅವತ್ತು ಕಚೇರಿಗೆ ರಜೆ. ಹುಂಜವನ್ನು ತರಕಾರಿ ಚೀಲದಲ್ಲಿ ಕೂರಿಸಿಕೊಂಡು ಯಶವಂತಪುರಕ್ಕೆ ಒಂದು ಬಸ್ಸು, ಅಲ್ಲಿಂದ ಚಿಕ್ಕಬಾಣಾವರಕ್ಕೆ ಇನ್ನೊಂದು. ಬಸ್ಸಿನಲ್ಲಿ ಹುಂಜ ಚೀಲದಿಂದ ತಲೆ ಹೊರಗೆ ಹಾಕಿ ಕೂಗಿತು. ಪಕ್ಕದಲ್ಲಿದ್ದ ಲಕ್ಕಣ್ಣ ಎಂಬ ರೈತ ಕಾಲಿನ ದಾರ ನೋಡಿ ಸರಿದು ಕೂತು, ‘ಯಾವೂರ್ ದೇವ್ರಿಗೆ ಸ್ವಾಮಿ?’ ಎಂದು ಭಕ್ತಿಯಿಂದ ಕೇಳಿದ. ಇವರು ‘ಬ್ಯಾಟರಾಯನಪುರದ ಕಡೆಯದು’ ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ಚಿಕ್ಕಬಾಣಾವರದ ಸ್ಟೇಷನ್ ಹಿಂದಿನ ಕತ್ತಾಳೆ ಬೇಲಿಯ ಬಳಿ ಚೀಲ ಬಿಚ್ಚಿ, ‘ಹೋಗಪ್ಪ, ಎಲ್ಲಾದ್ರೂ ಸುಖವಾಗಿರು’ ಎಂದು ಹರಸಿ, ಹಿಂತಿರುಗಿ ನೋಡದೆ ಬಂದರು.

ಗುರುವಾರ ಸಂಜೆ ಲಕ್ಕಣ್ಣ ಸೈಕಲ್ಲಿನಲ್ಲಿ ಬಂದ. ಹ್ಯಾಂಡಲಿಗೆ ಹುಂಜ ತೂಗುತ್ತಿತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವುದು ಇದಕ್ಕೇ ಇರಬೇಕು.

‘ನಿಮ್ ಅರ್ಕೆ ಕೋಳಿ ತಪ್ಪಿಸ್ಕೊಂಡ್ಬುಟ್ಟಿತ್ತು ಸ್ವಾಮಿ’ ಎಂದ. ‘ನಮ್ಮೂರ್ನಾಗೆ ಒಬ್ರೂ ಮುಟ್ನಿಲ್ಲ. ದೇವ್ರ ಕೋಳಿ ಇಟ್ಕೊಂಡ್ರೆ ಮನೆ ಉಳೀತದಾ? ನಾನು ಬಸ್ನಾಗೆ ನೋಡಿದ್ನಲ್ಲ, ಅದ್ಕೇ ಇಂಗೆ ತಂದೆ. ಬ್ಯಾಟ್ರಾಯನ್‌ಪುರ್ದಾಗೆ ಕೇಳಿದ್ರೆ ಸಣ್ ಮಗೂನೂ ನಿಮ್ಮನೆ ತೋರಿಸ್ತು.’ ಇಷ್ಟು ಹೇಳಿ ಒಂದು ಲೋಟ ಮಜ್ಜಿಗೆ ಕುಡಿದು ಧನ್ಯತೆಯಿಂದ ಹೋದ.

ಹುಂಜ ಕಾಂಪೌಂಡಿನ ಮೇಲೆ ಹತ್ತಿ ಕೂತು ಕೂಗಿತು. ಮೊದಲು ದ್ರಾಕ್ಷಿ ತೋಟದಾಚೆಯಿಂದ ಕೇಳುತ್ತಿದ್ದದ್ದು ಈಗ ಮಲಗುವ ಕೋಣೆಯ ಕಿಟಕಿಯಿಂದಲೇ ಕೇಳಿಸಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಹೀಗೆ.

ಅಷ್ಟರಲ್ಲಿ ಹಳ್ಳಿಗೆಲ್ಲ ಸುದ್ದಿ ಹರಡಿತ್ತು. ಐನೋರು ಮುನಿಯಪ್ಪನಿಗೆ ಹರಕೆ ಹೊತ್ತಿದ್ದಾರೆಂದರೆ ಅದು ಸಣ್ಣ ಕಷ್ಟವಲ್ಲ ಎಂದು ಎಲ್ಲರ ಅಭಿಪ್ರಾಯ. ಪಾಯ ತೋಡುವಾಗ ನಿಧಿ ಸಿಕ್ಕಿತೆಂದು ಕೆಲವರು, ಕೆಲಸ ಹೋಯಿತೆಂದು ಕೆಲವರು, ಮೈಮೇಲೆ ಯಾವುದೋ ಗಾಳಿ ಬರುತ್ತದೆಂದು ಮಿಕ್ಕವರು. ಹೆಂಗಸರಿಗೆ ತಡೆಯಲಾಗಲಿಲ್ಲ. ಮೊದಲು ಮುನಿಕೆಂಪಮ್ಮ ಬಂದಳು, ಅವಳ ಹಿಂದೆ ಅಕ್ಕಯ್ಯಮ್ಮ, ಅವಳ ಹಿಂದೆ ಮಡಿಲ ತುಂಬ ಅವರೆಕಾಯಿ ಕಟ್ಟಿಕೊಂಡು ಇನ್ನೂ ಯಾರಾರೋ. ‘ಏನವ್ವ ಕಷ್ಟ? ನಮ್ತಾವ ಏಳ್ಕೊ, ನಾವಿಲ್ವಾ’ ಎಂದು ಜಗಲಿ ತುಂಬ ಕೂತರು.

ಲಕ್ಷ್ಮಿದೇವಮ್ಮನವರಿಗೆ ಗಂಡ ವಿಷಯವೆಲ್ಲ ಹೇಳಿ, ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದರು. ಆಕೆ ಬಾಯಿ ಬಿಡಲಿಲ್ಲ, ಮಾತು ಮಾತ್ರ ಹರಿಯಬಿಟ್ಟರು. ತಿಂಗಳುಗಟ್ಟಲೆ ಒಳಗೆ ಕೂಡಿಟ್ಟುಕೊಂಡಿದ್ದ ಮಾತು. ಹರಕೆ ಒಂದು ಬಿಟ್ಟು ಮಗಳ ಬಾಣಂತನ, ಮೊಣಕಾಲು ನೋವು, ಹಿತಕಿದ ಬೇಳೆಯ ಹದ, ಎಲ್ಲ ಬಂತು. ಎಲ್ಲರೂ ಸೇರಿ ಅವರೆಕಾಯಿ ಬಿಡಿಸುತ್ತ ನಗುವುದು ನಮ್ಮ ಮನೆಗೆ ಕೇಳುತ್ತಿತ್ತು. ಹುಂಜ ನಡುವೆ ಓಡಾಡಿಕೊಂಡು ಅವರೆ ಹುಳ ಹೆಕ್ಕುತ್ತಿತ್ತು. ಶುಕ್ರವಾರ ಆಕೆ ಅದಕ್ಕೆ ‘ಕೆಂಪಣ್ಣ’ ಎಂದು ಹೆಸರಿಟ್ಟು ಮೊಸರನ್ನ ಹಾಕುವುದನ್ನು ನಾನೇ ಕಂಡೆ.

ವೆಂಕಟರಾಮಯ್ಯನವರಿಗೆ ಇದೊಂದೂ ಕಾಣಲಿಲ್ಲ. ಭಾನುವಾರ ಮಾತ್ರ ಕಾಣುತ್ತಿತ್ತು. ಎದುರು ಮನೆಯ ಮೊಯಿನುದ್ದೀನ್ ಸಾಹೇಬರ ಹತ್ತಿರ ಹೋಗಿ ಕೈ ಮುಗಿದರು. ಸಾಹೇಬರದು ಯಶವಂತಪುರದಲ್ಲಿ ಮರದ ಡಿಪೋ. ಮಾತು ಕಡಿಮೆ, ತೂಕ ಜಾಸ್ತಿ.

‘ನೀವೇ ತಗೊಂಡ್ಬಿಡಿ ಸಾಹೇಬ್ರೇ. ಏನ್ ಮಾಡ್ತೀರಿ ಅಂತ ನಾನು ಕೇಳಲ್ಲ’ ಎಂದರು ವೆಂಕಟರಾಮಯ್ಯನವರು.

ಸಾಹೇಬರು ಹುಂಜದ ಕಾಲು ನೋಡಿ ಗಲ್ಲ ಬಡಿದುಕೊಂಡರು. ‘ತೋಬಾ ತೋಬಾ. ಬೇರೆ ದೇವ್ರ ಹೆಸರಲ್ಲಿ ದಾರ ಕಟ್ಟಿದ್ದು ನಮಗೆ ಆಗಲ್ಲ ಸ್ವಾಮಿ. ನೀವೂ ತಿನ್ನಲ್ಲ, ನಾವೂ ತಿನ್ನಲ್ಲ, ಹಳ್ಳಿಯೋರೂ ಮುಟ್ಟಲ್ಲ. ಈ ಬಡಾವಣೆಯಲ್ಲಿ ಯಾರದೂ ಭಯ ಇಲ್ದೇ ಇರೋನು ಇವನೊಬ್ಬನೇ.’

‘ಹಾಗಾದ್ರೆ ಹರಕೆ ಸುಳ್ಳು ಅಂತ ಹೇಳ್ಬಿಡ್ಲಾ?’

‘ಹೇಳಿ. ನಾಳೆಯಿಂದ ಹಾಲು ಯಾರು ಕೊಡ್ತಾರೆ? ಬಾವಿ ಅವರದು, ನೀರು ಯಾರು ಬಿಡ್ತಾರೆ? ದೇವ್ರ ಹೆಸರು ಹೇಳಿ ಹೆಂಗಸಿನ ಕೋಳಿ ತಂದು, ಆಮೇಲೆ ಸುಳ್ಳು ಅಂದ್ರೆ ನಾನೂ ನಿಮ್ಮನೆ ಕಡೆ ನೋಡಲ್ಲ.’

ವೆಂಕಟರಾಮಯ್ಯನವರು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸ್ಸು ಬಂದರು. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಶನಿವಾರ ಮುನೇಶ್ವರನ ಪೂಜಾರಿ ಪಿಳ್ಳಪ್ಪನೇ ಬಂದ. ಬಿಳಿ ಮೀಸೆಯ ದೊಡ್ಡ ಆಳು. ‘ಅರ್ಕೆ ಯಾವಾಗ ತೀರಿಸ್ತೀರಾ ಸ್ವಾಮಿ? ದಾರ ಕಟ್ಟಿದ್ದು ವಾರ ದಾಟ್ಬಾರ್ದು’ ಎಂದ.

‘ನೋಡೋಣ ಪಿಳ್ಳಪ್ಪ, ಅವಸರ ಏನು. ನಾಳೆ ಮಾತ್ರ ದಯವಿಟ್ಟು ಯಾರೂ ಈ ಕಡೆ ಬರ್ಬೇಡಿ. ನನ್ನ ಭಾವಮೈದುನರು ಬರ್ತಿದಾರೆ. ಯಾವ ಗಲಾಟೇನೂ ಬೇಡ, ನಿಮ್ಮ ಕಾಲಿಗೆ ಬೀಳ್ತೀನಿ.’

ಪಿಳ್ಳಪ್ಪ ಮೀಸೆ ನೇವರಿಸುತ್ತ ಹೋದ. ಆ ಹಳ್ಳಿಯಲ್ಲಿ ಭಾವಮೈದುನ ನಿಲ್ಲದೆ ಯಾವ ಹರಕೆಯೂ ತೀರುವುದಿಲ್ಲ; ಕೋಳಿಯ ಕಾಲು ಹಿಡಿಯುವ ಹಕ್ಕು ಅವನದು. ‘ಭಾವಮೈದ ಬರ್ಲಿ ಅಂತ ಕಾದವ್ರೆ, ಪಾಪ’ ಎಂದು ಪಿಳ್ಳಪ್ಪ ಊರವರಿಗೆ ಹೇಳಿದನಂತೆ. ‘ಊರೋರಿಗೆಲ್ಲ ತೊಂದ್ರೆ ಯಾಕೆ ಅಂತ ಗಲಾಟೆ ಬ್ಯಾಡ ಅಂತವ್ರೆ. ದೊಡ್ಡೋರ ಸಂಕೋಚ. ನಾವ್ ಬಿಡಾಕಾಯ್ತದಾ?’

ಭಾನುವಾರ ಬಂತು. ಸುಬ್ಬನರಸಿಂಹಯ್ಯನವರೂ ಬಂದರು. ಊಟಕ್ಕೆ ನನ್ನನ್ನೂ ಕರೆದಿದ್ದರು, ಬಡಾವಣೆಯ ಪರವಾಗಿ ಸಾಕ್ಷಿ ಹೇಳಲು. ಕೆಂಪಣ್ಣನನ್ನು ಬಚ್ಚಲಮನೆಯಲ್ಲಿ ಮಂಕರಿಯಡಿ ಮುಚ್ಚಿ, ಮೇಲೆ ಗೋಣಿಚೀಲ ಹೊದಿಸಿ, ಕತ್ತಲೆ ಮಾಡಿದ್ದರು. ಹಿತಕಿದ ಬೇಳೆ ಹುಳಿ, ಕೋಸಂಬರಿ, ಒಬ್ಬಟ್ಟು. ಭಾವಮೈದುನರು ತೃಪ್ತಿಯಾಗಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಹಜಾರದಲ್ಲಿ ಚಾಪೆಯ ಮೇಲೆ ಮಲಗಿದರು.

ಮನೆ ಉಸಿರು ಹಿಡಿಯಿತು. ವೆಂಕಟರಾಮಯ್ಯನವರು ತುದಿಗಾಲಲ್ಲಿ ಹೋಗಿ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದರು. ನಾನು ತೇಗು ನುಂಗಿಕೊಂಡೆ. ನಿಜವಾಗಿಯೂ ಸೂಜಿ ಬಿದ್ದರೆ ಕೇಳಿಸುವ ಹಾಗಿತ್ತು.

ಭಾವಮೈದುನರು ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು, ಅಂಗಾತ ಮಲಗಿ ಜಂತೆ ನೋಡಿದರು. ಬಹಳ ಹೊತ್ತಿನ ಮೇಲೆ, ‘ಏನಯ್ಯ ಇದು, ಕಿವಿ ಗುಂಯ್ ಅನ್ನುತ್ತೆ’ ಎಂದರು. ‘ಮನೇಲಿ ಯಾರಿಗೋ ಏನೋ ಆದ ಹಾಗಿದೆ. ಎದೆ ಹೊಡ್ಕೊಳೋದು ನನಗೇ ಕೇಳ್ತಿದೆ.’ ವೆಂಕಟರಾಮಯ್ಯನವರ ಮುಖ ಸುಟ್ಟ ಬದನೆಕಾಯಿಯಾಯಿತು. ಅಡುಗೆಮನೆ ಬಾಗಿಲಲ್ಲಿ ಲಕ್ಷ್ಮಿದೇವಮ್ಮನವರು ತಲೆ ತಗ್ಗಿಸಿದರು. ಆಗ ನನಗೆ ಮೊದಲ ಸಲ ಅನ್ನಿಸಿತು, ಆಕೆಗೂ ಬಳೇಪೇಟೆಗೆ ಹೋಗುವ ಮನಸ್ಸು ಉಳಿದಿಲ್ಲ ಎಂದು.

ಅದೇ ಹೊತ್ತಿಗೆ ದ್ರಾಕ್ಷಿ ತೋಟದ ಕಡೆಯಿಂದ ತಮಟೆಯ ಸದ್ದು ಬಂತು.

ವೆಂಕಟರಾಮಯ್ಯನವರು ಅಂಗವಸ್ತ್ರ ಬಿದ್ದದ್ದೂ ತಿಳಿಯದೆ ಹೊರಗೆ ಓಡಿದರು, ನಾನು ಹಿಂದೆ. ಇಡೀ ಊರೇ ಬರುತ್ತಿತ್ತು. ಮುಂದೆ ತಮಟೆಯವರು, ಅವರ ಹಿಂದೆ ಬೇವಿನ ಸೊಪ್ಪು ಹಿಡಿದ ಪಿಳ್ಳಪ್ಪ, ಆರತಿ ತಟ್ಟೆಯೊಂದಿಗೆ ಮುನಿಕೆಂಪಮ್ಮ, ಹೆಂಗಸರು, ಮಕ್ಕಳು, ಚಿಕ್ಕಬಾಣಾವರದಿಂದ ಇದಕ್ಕೆಂದೇ ಸೈಕಲ್ ತುಳಿದು ಬಂದ ಲಕ್ಕಣ್ಣ. ಮೊಯಿನುದ್ದೀನ್ ಸಾಹೇಬರು ತಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು.

‘ಬೇಡ್ರಪ್ಪ, ನಿಲ್ಸಿ, ಒಳಗೆ ಮಲಗಿದಾರೆ’ ಎಂದು ವೆಂಕಟರಾಮಯ್ಯನವರು ಎರಡೂ ಕೈ ಎತ್ತಿದರು. ಅದನ್ನು ಊರವರು ಭಕ್ತಿಯ ಆವೇಶವೆಂದು ತಿಳಿದರು. ತಮಟೆ ಇನ್ನೂ ಜೋರಾಯಿತು. ಸದ್ದಿಗೆ ಎಚ್ಚೆತ್ತ ಕೆಂಪಣ್ಣ ಮಂಕರಿ ಉರುಳಿಸಿ, ಹಿತ್ತಲಿಂದ ಹಾರಿ ಬಂದು, ಕಾಂಪೌಂಡಿನ ಮೇಲೆ ಪ್ರತ್ಯಕ್ಷನಾದ. ‘ನೋಡ್ರಪ್ಪ, ದೇವ್ರ ಕೋಳಿ ತಾನೇ ಬಂತು’ ಎಂದು ಎಲ್ಲರೂ ಕೈ ಮುಗಿದರು.

ಪಿಳ್ಳಪ್ಪ ಸೊಂಟದಿಂದ ಮಚ್ಚು ತೆಗೆದ. ಅಷ್ಟರಲ್ಲಿ ಲಕ್ಷ್ಮಿದೇವಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನನ್ನು ಸರಿಸಿ ಮುಂದೆ ಬಂದರು.

‘ಕಡಿಯೋದು ಬೇಡ ಪಿಳ್ಳಪ್ಪ. ನಮ್ಮನೆಯೋರು ಕಡಿತೀನಿ ಅಂತ ಹರಕೆ ಹೊತ್ತಿಲ್ಲ. ದೇವರ ಹೆಸರಲ್ಲಿ ಬಿಟ್ಟುಬಿಡಿ. ಬಸವನ್ನ ಬಿಡಲ್ವಾ, ಹಾಗೇ.’

ಪಿಳ್ಳಪ್ಪ ಯೋಚಿಸಿದ. ‘ಬಿಡಬೌದು ಕಣವ್ವ. ಬಿಟ್ಮ್ಯಾಕೆ ಅದನ್ನ ಯಾರೂ ಹಿಡಿಯಂಗಿಲ್ಲ, ಅಟ್ಟಂಗಿಲ್ಲ. ಬಿಟ್ಟ ಜಾಗ್ದಾಗೇ ಇರ್ತದೆ. ಆದ್ರೆ ಬಿಡೋವಾಗ ಅರ್ಕೆ ಏನು ಅಂತ ಬಾಯಿಬಿಟ್ಟು ಏಳ್ಬೇಕು. ಸುಳ್ಳು ಏಳ್ಬಾರ್ದು.’ ಕೈ ಎತ್ತಿ ತಮಟೆ ನಿಲ್ಲಿಸಿದ. ‘ಏಳಿ ಸ್ವಾಮಿ.’

ವೆಂಕಟರಾಮಯ್ಯನವರು ಊರವರ ಮುಖ ನೋಡಿದರು, ಹುಂಜ ನೋಡಿದರು, ಕೊನೆಗೆ ಹೆಂಡತಿಯನ್ನು ನೋಡಿದರು. ಸುಳ್ಳು ಹುಡುಕುವಷ್ಟು ಜಾಣರಲ್ಲ.

‘ಇವಳು ಬಳೇಪೇಟೆಗೆ ಹೋಗ್ಬಿಡ್ತೀನಿ ಅಂದ್ಳು’ ಎಂದರು ಮೆಲ್ಲಗೆ. ‘ಹೋಗದೆ ಇಲ್ಲೇ ಇರ್ಲಿ ಅಂತ. ಅಷ್ಟೇನೇ.’

ಯಾರೂ ಮಾತಾಡಲಿಲ್ಲ. ಮುನಿಕೆಂಪಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಿಶ್ಶಬ್ದದ ಬಗ್ಗೆ ಅಷ್ಟು ಕುಹಕವಾಡುವ ನನಗೂ ಆ ಕ್ಷಣದ್ದು ಹಿಡಿಸಿತು, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

‘ಏನವ್ವ’ ಎಂದ ಪಿಳ್ಳಪ್ಪ, ‘ಅರ್ಕೆ ಫಲಿಸ್ತಾ?’

ಲಕ್ಷ್ಮಿದೇವಮ್ಮನವರು ಗಂಡನ ಕಡೆ ನೋಡದೆ, ‘ಫಲಿಸ್ತು, ದಾರ ಬಿಚ್ಚಿ’ ಎಂದರು.

ದಾರ ಬಿಚ್ಚುತ್ತಿದ್ದಾಗ ಸುಬ್ಬನರಸಿಂಹಯ್ಯನವರು ಕಣ್ಣುಜ್ಜಿಕೊಳ್ಳುತ್ತ, ಕೆನ್ನೆಯ ಮೇಲೆ ಚಾಪೆಯ ಗೆರೆ ಹೊತ್ತು, ಬಾಗಿಲಿಗೆ ಬಂದರು. ವೆಂಕಟರಾಮಯ್ಯನವರು ದೇವರ ಮೇಲೆ ಭಾರ ಹಾಕಿ ಕಣ್ಣು ಮುಚ್ಚಿಕೊಂಡರು.

‘ಯಾಕ್ರಯ್ಯ ನಿಲ್ಸಿದ್ರಿ?’ ಎಂದರು ಭಾವಮೈದುನರು, ಬಹಳ ಬೇಸರದಿಂದ. ‘ಆ ತಮಟೆ ಶುರುವಾದ ಮೇಲೆ ಈಗಷ್ಟೇ ಎಂಥ ನಿದ್ದೆ ಹತ್ತಿತ್ತು. ದಡಕ್ಕನೆ ನಿಲ್ಲಿಸಿ ಎಬ್ಬಿಸ್ಬಿಟ್ರಲ್ಲ.’

ಅವರು ಪಕ್ಕದ ಸೈಟು ಕೊಂಡರು. ಮನೆ ಎದ್ದು ಬಳೇಪೇಟೆ ಬಿಟ್ಟು ಬರುವಾಗ ಡೋಲಿನ ಅಂಗಡಿಯವರಿಂದ ಹಳೆಯದೊಂದು ತಮಟೆಯನ್ನೂ ತಂದರು, ಮೊಮ್ಮಗನಿಗೆ ಎಂದು ಹೇಳಿಕೊಂಡು. ಆ ಭಾನುವಾರದ ಬೆನ್ನಿಗೇ ಬಂದ ಸಂಕ್ರಾಂತಿಗೆ ಲಕ್ಷ್ಮಿದೇವಮ್ಮನವರು ಮಾಡಿದ್ದ ಎಳ್ಳು ಊರಿಗೆ ಸಾಲದೆ, ನಮ್ಮ ಮನೆಯಿಂದ ಕಡ ಒಯ್ದರು. ಮರುವರ್ಷದ ಸಂಕ್ರಾಂತಿ ಹತ್ತಿರ ಬಂದರೂ ಆ ಕಡ ತೀರಿರಲಿಲ್ಲ.

ಕೆಂಪಣ್ಣ ಪ್ರತಿ ಮಧ್ಯಾಹ್ನ ಅದೇ ಕಾಂಪೌಂಡಿನ ಮೇಲೆ ನಿಂತು ಕೂಗುತ್ತಿದ್ದ. ಅಟ್ಟುವ ಹಕ್ಕು ಯಾರಿಗೂ ಇರಲಿಲ್ಲ. ಒಂದು ದಿನ ಬಸ್ಸಿನಲ್ಲಿ ವೆಂಕಟರಾಮಯ್ಯನವರು ಯಾರೋ ಹೊಸಬರ ಮೊಣಕೈ ಹಿಡಿದಿದ್ದರು.

‘ನಮ್ಮ ಕಡೆ ಎಷ್ಟು ನಿಶ್ಶಬ್ದ ಅಂದ್ರೆ’ ಎಂದು ಶುರು ಮಾಡಿ, ನನ್ನನ್ನು ಕಂಡು ಸ್ವಲ್ಪ ತಡವರಿಸಿ, ಮುಗಿಸಿದರು: ‘ಕೋಳಿ ಕೂಗಿದ್ರೆ ಕೇಳ್ಸುತ್ತೆ ಕಣ್ರೀ.’